ತಂದೆಯ ತಪ್ಪು ಎನ್ನುವ ಕಥೆ ಹುಡುಕಿದ ಮೇಷ್ಟ್ರು

ನಿನ್ನೆ ಬೆಳಗ್ಗೆ ನನ್ನ ಮೊಮ್ಮಗಳು ತಾಯಿಯ ಎದೆಗೆ ಬಾಯಿ ಹಚ್ಚಿ ಹಾಲು ಕುಡಿದಳು.

ಎಲ್ಲ ಮಕ್ಕಳೂ ಕುಡಿಯುತ್ತವೆ, ಇದರಲ್ಲೇನು ದೊಡ್ಡದು ಎನ್ನಬೇಡಿ. ಈ ಮಗು ಹುಟ್ಟಿದಾಗ ಮೇಲ್ದುಟಿ ಮೂಗಿನ ತನಕ ಸೀಳಿತ್ತು. ನಾಲ್ಕು ತಿಂಗಳು ನನ್ನ ಸೊಸೆ ಹಾಲು ಹಿಂಡಿ ಹಿಂಡಿ, ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟು ಸಾಕಿದಳು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ತುಟಿ ಹೊಲಿದರು. ಹೊಲಿಗೆ ಬಿಚ್ಚಿ, ಗಾಯ ಮಾಯುವ ತನಕ ಕಾಯಿಸಿ, ಮೊನ್ನೆ ಡಾಕ್ಟರು "ಇನ್ನು ಎದೆಗೆ ಹಾಕಿ ನೋಡಿ" ಅಂದರು. ನಿನ್ನೆ ಹಾಕಿದೆವು. ಎರಡು ಸಲ ಜಾರಿತು, ಮೂರನೇ ಸಲ ಹಿಡಿಯಿತು. ಗುಟುಕ್ ಗುಟುಕ್ ಎಂದು ಸದ್ದು. ನಮ್ಮನೆಯವರು ಹೊಲದಿಂದ ಬಂದವರು ಕೆಸರುಗಾಲಲ್ಲೇ ಒಳಗೆ ನುಗ್ಗಿ, ಬಾಗಿಲ ಹತ್ತಿರ ನಿಂತು ಆ ಸದ್ದನ್ನು ಕೇಳಿಸಿಕೊಂಡು, ವಾಪಸು ಹೋಗಿ ಕಾಲು ತೊಳೆದುಕೊಂಡರು. ನಾನು ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ಬೆಲ್ಲ ಹಂಚಿದೆ. ಕತ್ರಿಗುಪ್ಪೆಯಲ್ಲಿ ನಿನ್ನೆ ನಮ್ಮ ಬೆಲ್ಲ ತಿನ್ನದವರು ಇಲ್ಲ.

ಹಂಚುತ್ತ ಹಂಚುತ್ತ, ಮೇಷ್ಟ್ರು ಇದ್ದಿದ್ದರೆ ಅನ್ನಿಸಿತು. ಅನ್ನಿಸಿದ್ದೇ ಕೈ ನಿಂತುಹೋಯಿತು. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ನಾನು ಎರಡನೇ ಕ್ಲಾಸಿನ ತನಕ ಓದಿದವಳು. ಅವರ ವಿಷಯ ಬರೆಯುವುದಕ್ಕೆ ಇನ್ನೂ ಕಲಿತವರು ಬೇಕಿತ್ತು. ಆದರೆ ನಾನು ನೋಡಿದ್ದನ್ನು ಬೇರೆ ಯಾರೂ ನೋಡಿಲ್ಲ.

ಅವರು ನಮ್ಮ ಮನೆಯ ಮುಂದಿನ ಎರಡು ಕೋಣೆಗೆ ಬಾಡಿಗೆಗೆ ಬಂದಾಗ ಜಯನಗರ ಬಡಾವಣೆಗೆ ನೆಲ ಅಳೆಯುವವರು ಇನ್ನೂ ಚೈನು ಎಳೆದುಕೊಂಡು ಓಡಾಡುತ್ತಿದ್ದರು. ಮೇಷ್ಟ್ರಿಗೆ ಬಸವನಗುಡಿಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಕೆಲಸ. ಬದುವಿನ ಮೇಲೆ ನಡೆದುಕೊಂಡು ಹೋಗಿ ಬರುವರು, ನಡೆಯುತ್ತಲೇ ಓದುವರು. ಒಂದು ಸಂಜೆ ಹಾಗೆ ಓದುತ್ತ ಬಂದು ದಾರಿಯಲ್ಲಿ ಮಲಗಿದ್ದ ನಮ್ಮ ಎಮ್ಮೆಯನ್ನು ಎಡವಿ, "ಕ್ಷಮಿಸಮ್ಮ, ನೋಡಲಿಲ್ಲ" ಎಂದು ಹಾಗೇ ಮುಂದೆ ಹೋದರಂತೆ. ಎಮ್ಮೆಯೇ ನಾಚಿಕೊಂಡು ಎದ್ದಿತು ಎಂದು ನಮ್ಮನೆಯವರು ಊರಿಗೆಲ್ಲ ಹೇಳಿದರು.

ನಾವು ಸೊಪ್ಪು ಬೆಳೆಯುವವರು. ಸಂಜೆ ಜಗಲಿಯಲ್ಲಿ ಕೂತು ದಂಟು, ಮೆಂತ್ಯ, ಸಬ್ಬಸಿಗೆ ಕಂತೆ ಕಟ್ಟುವುದು, ಬೆಳಗ್ಗೆ ಗಾಂಧಿಬಜಾರಿಗೆ ಹೊರುವುದು. ಮೇಷ್ಟ್ರು ಸ್ಕೂಲಿನಿಂದ ಬಂದು ನಮ್ಮ ಪಕ್ಕ ಕೂತು ತಾವೂ ಕಟ್ಟುತ್ತಿದ್ದರು. ಅವರು ಕಟ್ಟಿದ್ದು ಗಾಂಧಿಬಜಾರ್ ಮುಟ್ಟುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು. ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ, ಏಕೆಂದರೆ ಕೈ ಆಡಿಸುತ್ತಿದ್ದರೇ ಅವರಿಗೆ ಮಾತು ಬರುವುದು. ಪುರಾತನ ಕಾಲದ ಜನ ಮಳೆ, ಗಾಳಿ, ಸೂರ್ಯ, ಭೂಮಿ ಎಲ್ಲವನ್ನೂ ಹೇಗೆ ತಿಳಿದುಕೊಂಡಿದ್ದರು ಎನ್ನುವುದು ಅವರ ಹುಚ್ಚು. ಆದರೆ ತಾವಾಗಿ ಮೊದಲು ಹೇಳುವವರಲ್ಲ. ಮೊದಲು ನಮ್ಮನ್ನು ಕೇಳುವರು.

"ಭೂಮಿ ಯಾಕಮ್ಮ ನಡುಗುತ್ತೆ? ನಿಮ್ಮಲ್ಲಿ ಏನು ಹೇಳ್ತಾರೆ?"

"ಆದಿಶೇಷ ಭಾರ ಆಯ್ತು ಅಂತ ಹೆಡೆ ಬದಲಾಯಿಸ್ತಾನೆ. ಅದಕ್ಕೆ."

"ಸರಿ. ಸಮುದ್ರದಾಚೆ ಹಿಂದೆ ಒಬ್ಬ ಜ್ಞಾನಿ ಇದ್ದ. ಭೂಮಿ ನೀರಿನ ಮೇಲೆ ಮರದ ದಿಮ್ಮಿ ಹಾಗೆ ತೇಲ್ತಾ ಇದೆ, ನೀರು ಅಲ್ಲಾಡಿದ್ರೆ ಭೂಮಿನೂ ಅಲ್ಲಾಡುತ್ತೆ ಅಂದ."

"ಅವನೂ ಕಥೇನೇ ಕಟ್ದ ಬಿಡಿ ಮೇಷ್ಟ್ರೇ," ಅಂದರು ನಮ್ಮನೆಯವರು.

"ಕಥೆನೇ ಗೌಡ್ರೇ. ತಪ್ಪೇ. ಆದ್ರೆ ನೋಡಿ, ಅದು ತಪ್ಪು ಅಂತ ಇನ್ನೊಬ್ಬ ತೋರಿಸಿಕೊಡಬಹುದು. ಆದಿಶೇಷ ಇಲ್ಲ ಅಂತ ನೀವು ಹೇಗೆ ತೋರಿಸ್ತೀರಿ?"

ನಮ್ಮನೆಯವರು ಒಂದು ಕಂತೆ ಬಿಗಿದು, "ತೋರಿಸೋದು ಯಾಕೆ, ಇರಲಿ ಬಿಡಿ ಪಾಪ" ಅಂದರು. ಮೇಷ್ಟ್ರು ನಕ್ಕರು. ಆದರೆ ಹಳೆಯ ಕಥೆಯನ್ನು ಯಾರಾದರೂ ಹೀಗಳೆದರೆ ಅವರಿಗೆ ಆಗುತ್ತಿರಲಿಲ್ಲ. "ಅದನ್ನ ಕಟ್ಟಿದವರು ದಡ್ಡರಲ್ಲ. ಭೂಮಿ ನಡುಗಿದಾಗ ಮಕ್ಕಳನ್ನ ತಬ್ಬಿಕೊಂಡು ಏನಾದ್ರೂ ಹೇಳಬೇಕಿತ್ತು. ಹೇಳಿದ್ರು," ಎನ್ನುವರು. ಎಲ್ಲಕ್ಕೂ ಮೂಲ ನೀರು ಎಂದವನೊಬ್ಬ, ಗಾಳಿ ಎಂದವನೊಬ್ಬ, ಬೆಂಕಿ ಎಂದವನೊಬ್ಬ. "ನಮ್ಮವರು ಜಗಳವೇ ಬೇಡ ಅಂತ ಐದನ್ನೂ ಇಟ್ಕೊಂಡ್ರು" ಎನ್ನುವರು. ಯಾವುದೋ ದೇಶದಲ್ಲಿ ಆಕಾಶವೆಂದರೆ ಬಗ್ಗಿ ನಿಂತ ಒಬ್ಬ ಹೆಂಗಸಂತೆ, ಸಂಜೆ ಸೂರ್ಯನನ್ನು ನುಂಗಿ ಬೆಳಗ್ಗೆ ಹೆರುತ್ತಾಳಂತೆ.

"ದಿನಾ ಹೆರೋದಾ?" ಅಂದೆ ನಾನು.

"ದಿನಾ."

"ಬಾಣಂತನ ಯಾರು ಮಾಡ್ತಾರೆ?"

ಬಾಗಿಲ ಹಿಂದಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಅಮ್ಮಾವ್ರು ಜಗಲಿಗೆ ಬರುತ್ತಿರಲಿಲ್ಲ, ಒಳಗೇ ಕೂತು ಎಲ್ಲ ಕೇಳುವರು. ಆಗ ಅವರು ಬಹಳ ನಗುತ್ತಿದ್ದರು. ಮೇಷ್ಟ್ರು ಅರ್ಧ ಕಥೆಯನ್ನು ನಮಗೆ ಹೇಳುತ್ತಿದ್ದರೆ ಉಳಿದರ್ಧ ಆ ಬಾಗಿಲಿಗೆ ಹೇಳುತ್ತಿದ್ದರು.

ಗ್ರಹಣದಲ್ಲಿ ತಟ್ಟೆಗೆ ನೀರು ಹಾಕಿ ಒನಕೆ ಇಟ್ಟರೆ ಅದು ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಮೇಲೆ ಬೀಳುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಚಂದ್ರಗ್ರಹಣದ ಸಂಜೆ ನಮ್ಮನೆಯವರು ಹಾಗೆ ನಿಲ್ಲಿಸಿ ಮೇಷ್ಟ್ರನ್ನು ಕರೆದು ತೋರಿಸಿದರು. ಮೇಷ್ಟ್ರು ಸುತ್ತ ಬಂದು ನೋಡಿ "ನಿಂತಿದೆ" ಎಂದು ಒಪ್ಪಿಕೊಂಡರು. ಮಾರನೆಯ ಬೆಳಗ್ಗೆ ಬಂದು, "ಗೌಡ್ರೇ, ಇನ್ನೊಂದ್ಸಲ ನಿಲ್ಲಿಸ್ತೀರಾ" ಅಂದರು. ನಿಲ್ಲಿಸಿದರು. ನಿಂತಿತು.

"ರಾಹು ಇನ್ನೂ ಪೂರ್ತಿ ಬಿಟ್ಟಿಲ್ಲ ಅನ್ಸುತ್ತೆ," ಅಂದರು ನಮ್ಮನೆಯವರು.

ಮೇಷ್ಟ್ರು ಮೂರು ದಿನ ಬೆಳಗ್ಗೆ ಬಂದು ನೋಡಿದರು. ಮೂರು ದಿನವೂ ಒನಕೆ ನಿಂತಿತು. ನಾಲ್ಕನೇ ದಿನ ನಮ್ಮನೆಯವರು ಒನಕೆಯನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ಮಲಗಿಸಿಬಿಟ್ಟರು. ಒಂದು ವಾರ ಮೇಷ್ಟ್ರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮದುವೆಯಾಗಿ ಏಳು ವರ್ಷಕ್ಕೆ ಅಮ್ಮಾವ್ರು ಬಸುರಾದರು. ಆರನೇ ತಿಂಗಳಲ್ಲಿ ಸೂರ್ಯಗ್ರಹಣ ಬಂತು. ಬೆಳಗಿನ ಹೊತ್ತು. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಮೇಷ್ಟ್ರು ಗ್ರಹಣ ಹಿಡಿದಾಗ ಸ್ನಾನ ಮಾಡಿದರು. "ನಿಮಗೂ ನಂಬಿಕೆ ಇದೆಯಾ?" ಅಂತ ನಾನು ಕೇಳಿದ್ದಕ್ಕೆ, "ನಾನು ಮುಳುಗಿದ್ರೆ ನೆರಳಿಗೇನು ನಷ್ಟ? ಇವಳಿಗೆ ಸಮಾಧಾನ" ಅಂದರು. ರಾಹು ಎಂದರೆ ಬರೀ ನೆರಳು ಎಂದು ನಮ್ಮ ದೇಶದ ಜ್ಯೋತಿಷಿಯೇ ಎಷ್ಟೋ ಕಾಲದ ಹಿಂದೆ ಬರೆದಿಟ್ಟಿದ್ದಾನೆ ಎಂದು ಅವರು ಎಷ್ಟು ಸಲ ಹೇಳಿದ್ದರೋ. ನಾನು ಒಳಗೆ ಸೇರಿಕೊಂಡು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಮನೆಯ ಮುಂದೆ ಒಂದು ಹೊಂಗೆಮರವಿತ್ತು. ಎಲೆಗಳ ನಡುವಿನಿಂದ ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆಗಳು ಅವತ್ತು ಗುಂಡಗಿರಲಿಲ್ಲ. ಒಂದೊಂದೂ ಬಿದಿಗೆ ಚಂದ್ರನ ಹಾಗೆ ಬಾಗಿತ್ತು. ನೂರಾರು. ಮೇಷ್ಟ್ರು ಒದ್ದೆ ಪಂಚೆಯಲ್ಲೇ ಅದರ ನಡುವೆ ನಿಂತು ಚಿಕ್ಕ ಮಗುವಿನ ಹಾಗೆ ಸುತ್ತ ನೋಡಿ, ಒಳಗೆ ಕೂಗಿದರು.

"ಬಾರೇ ಇಲ್ಲಿ, ಒಂದೇ ಗಳಿಗೆ. ಮೇಲೆ ನೋಡಬೇಡ, ನೆಲ ನೋಡಿದ್ರೆ ಸಾಕು."

ಅಮ್ಮಾವ್ರು ಹೊಸ್ತಿಲ ತನಕ ಬಂದು ನಿಂತರು. "ಏನೂ ಆಗಲ್ವಾ?"

"ಏನೂ ಆಗಲ್ಲ. ನನ್ನ ಮೇಲೆ ನಂಬಿಕೆ ಇದ್ರೆ ಬಾ."

ಬಂದರು. ಮರದ ಕೆಳಗೆ ನಿಂತರು. ಸೀರೆಯ ಮೇಲೆ, ಹೊಟ್ಟೆಯ ಮೇಲೆ ಆ ಸಣ್ಣ ಸಣ್ಣ ಚಂದ್ರಗಳು ಬಿದ್ದವು. ಅಂಗೈ ಚಾಚಿ ನಾಲ್ಕೈದನ್ನು ಹಿಡಿದುಕೊಂಡು ನಕ್ಕರು. ಗಂಡ ಹೆಂಡತಿ ಹಾಗೆ ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲಂತೂ ನೋಡಲಿಲ್ಲ.

ಗಂಡು ಮಗು ಹುಟ್ಟಿತು. ತುಟಿ ಸೀಳಿತ್ತು, ಒಳಗೆ ಅಂಗುಳವೂ ಸೀಳಿತ್ತು. ಬಾಯಿಗೆ ಬಿಟ್ಟ ಹಾಲು ಮೂಗಿನಲ್ಲಿ ಬರುತ್ತಿತ್ತು. ಸ್ವಲ್ಪ ಬೆಳೆಸಿಕೊಂಡು ಬನ್ನಿ, ಹೊಲಿಯುತ್ತೇವೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಅಮ್ಮಾವ್ರು ಅಳುತ್ತಿದ್ದರು, ಆದರೆ ಗಂಡನ ತೋಳು ಹಿಡಿದುಕೊಂಡೇ ಅಳುತ್ತಿದ್ದರು. ಐದನೇ ದಿನ ನಾನು ಬಿಸಿನೀರು ತೆಗೆದುಕೊಂಡು ಒಳಗೆ ಹೋದೆ. ಮಗುವಿನ ಬಾಯಿ ನೋಡುತ್ತ, "ಅವತ್ತು ಹೊಂಗೆಮರದ ಕೆಳಗೆ ನಿಂತ್ರಲ್ಲ ಅಮ್ಮಾವ್ರೇ" ಅಂದೆ. ಅಷ್ಟೇ ಅಂದದ್ದು. ಅಮ್ಮಾವ್ರು ತಮ್ಮ ಅಂಗೈ ನೋಡಿಕೊಂಡರು. ಆ ಮಾತನ್ನು ಊರಿನಲ್ಲಿ ಆಮೇಲೆ ಎಲ್ಲರೂ ಆಡಿದರು. ಮೊದಲು ಆಡಿದವಳು ನಾನು.

ಮಗು ಹತ್ತೊಂಬತ್ತು ದಿನ ಇತ್ತು. ಇಪ್ಪತ್ತನೇ ದಿನದಿಂದ ಅಮ್ಮಾವ್ರು ಗಂಡನ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ತವರಿಗೆ ಹೋಗಲಿಲ್ಲ. ಹೊತ್ತು ಹೊತ್ತಿಗೆ ಬೇಯಿಸಿ ಬಡಿಸುವರು, ಬಟ್ಟೆ ಒಗೆದು ಮಡಿಸಿಡುವರು. ಏನಾದರೂ ಹೇಳಲೇಬೇಕಾದರೆ ನನ್ನನ್ನು ಕರೆಯುವರು. "ಅಕ್ಕಿ ಮುಗಿದಿದೆ ಅಂತ ಹೇಳಮ್ಮ." ಎರಡು ಮಾರು ದೂರದಲ್ಲಿ ಕೂತಿದ್ದ ಮೇಷ್ಟ್ರು, "ಸಂಜೆ ತರ್ತೀನಿ ಅಂತ ಹೇಳಮ್ಮ" ಅನ್ನುವರು. ನಾನು ಸೊಪ್ಪಿನ ಕಂತೆ ಹಿಡಿದುಕೊಂಡು ನಡುವೆ ನಿಂತಿರುತ್ತಿದ್ದೆ. ಹೀಗೆ ಒಂಬತ್ತು ವರ್ಷ ನಡೆಯಿತು.

ಮೊದಲ ಒಂದೆರಡು ವರ್ಷ ಮೇಷ್ಟ್ರು ಅವರಿಗೆ ತಿಳಿಸಿ ಹೇಳಲು ನೋಡಿದರು. ಬಾಗಿಲ ಕಡೆ ತಿರುಗಿ, ಗ್ರಹಣದ ದಿನ ಹೊಲದಲ್ಲಿ, ಬೀದಿಯಲ್ಲಿ ಎಷ್ಟು ಜನ ಬಸುರಿಯರು ಇದ್ದಿರಬಹುದು, ಅವರ ಮಕ್ಕಳೆಲ್ಲ ಚೆನ್ನಾಗಿಲ್ಲವೇ ಎನ್ನುವರು. ಒಳಗಿನಿಂದ ಅಮ್ಮಾವ್ರು ಎದ್ದು ಹಿತ್ತಲಿಗೆ ಹೋಗುವ ಬಳೆ ಸದ್ದು ಕೇಳಿಸುವುದು. ಆಮೇಲೆ ಹೇಳುವುದನ್ನು ಬಿಟ್ಟರು. ಸಂಜೆ ಜಗಲಿಗೆ ಬರುವುದನ್ನು ಬಿಡಲಿಲ್ಲ, ಆದರೆ ಕಥೆ ಹೇಳುತ್ತಿರಲಿಲ್ಲ. ಸೂರ್ಯ ಎಂದರೆ ದೇವರಲ್ಲ, ಕಾದ ಕಲ್ಲು ಎಂದ ಒಬ್ಬನನ್ನು ಹಿಂದೆ ಅವನ ಊರಿನವರು ಓಡಿಸಿಬಿಟ್ಟರಂತೆ. ಅದನ್ನು ಮೊದಲೆಲ್ಲ ಎಷ್ಟು ಗೆಲುವಾಗಿ ಹೇಳುತ್ತಿದ್ದರು. ನಮ್ಮನೆಯವರು ಒಮ್ಮೆ ಅದನ್ನೇ ಕೇಳಿದಾಗ, "ಅವನಿಗೆ ಹೆಂಡತಿ ಇದ್ಲೋ ಇಲ್ವೋ ಪುಸ್ತಕದಲ್ಲಿ ಬರೆದಿಲ್ಲ ಗೌಡ್ರೇ" ಅಂದರು.

ಒಂದು ನೋಟ್‌ಬುಕ್ಕು ಇಟ್ಟುಕೊಂಡಿದ್ದರು. ಭಾನುವಾರವೆಲ್ಲ ಲೈಬ್ರರಿಗಳಿಗೆ ಹೋಗಿ ಅದರಲ್ಲಿ ಬರೆದುಕೊಂಡು ಬರುವರು. ಸೀಳುತುಟಿಗೆ ಯಾವ ಯಾವ ಜನ ಹಿಂದೆ ಏನೇನು ಕಾರಣ ಹೇಳುತ್ತಿದ್ದರು ಎನ್ನುವುದೇ ಅದರ ತುಂಬ. ಬಸುರಿ ಹೆಂಗಸು ಮೊಲವನ್ನು ಕಂಡರೆ ಹಾಗಾಗುತ್ತದೆ ಎನ್ನುವುದು ಒಂದು ಕಡೆ. ಗ್ರಹಣದಲ್ಲಿ ಚಂದ್ರನನ್ನು ಏನೋ ಕಚ್ಚುತ್ತದೆ, ಆಗಲೇ ಹೊಟ್ಟೆಯೊಳಗಿನ ಮಗುವನ್ನೂ ಕಚ್ಚುತ್ತದೆ, ತಾಯಿ ಸೊಂಟಕ್ಕೆ ಕಲ್ಲಿನ ಅಲಗು ಕಟ್ಟಿಕೊಳ್ಳಬೇಕಿತ್ತು ಎನ್ನುವುದು ಇನ್ನೊಂದು ಕಡೆ.

"ಇದನ್ನೆಲ್ಲ ಯಾಕೆ ಮೇಷ್ಟ್ರೇ ಕೂಡಿಹಾಕ್ತೀರಿ?" ಅಂದೆ ಒಂದು ದಿನ.

ಅವರು ಅಮ್ಮಾವ್ರಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದರು. "ಎಲ್ಲ ಕಡೆ ತಾಯಿ ನೋಡಿದಳು, ತಾಯಿ ಮುಟ್ಟಿದಳು, ತಾಯಿ ಕಟ್ಕೊಳ್ಳಲಿಲ್ಲ. ತಂದೆ ಮಾಡಿದ್ದಕ್ಕೆ ಹೀಗಾಯ್ತು ಅನ್ನೋ ಕಥೆ ಎಲ್ಲಾದ್ರೂ ಒಂದು ಇರಬೇಕಮ್ಮ. ಸಿಕ್ಕಿದ್ರೆ ಇವಳಿಗೆ ಓದಿ ಹೇಳಬಹುದು."

"ಅದೂ ಸುಳ್ಳೇ ಅಲ್ವಾ?"

"ಸುಳ್ಳೇ. ಅವಳು ನನ್ನನ್ನ ದೂರ್ತಾ ಇದ್ದಾಳೆ ಅಂತ ನೀನು ಅಂದ್ಕೊಂಡಿದ್ದೀಯ. ಅಲ್ಲ. ತನ್ನ ಕೈನೇ ನೋಡ್ಕೋತಾಳೆ. ನನ್ನನ್ನ ಬೈದುಬಿಟ್ರೆ ಸಾಕಾಗಿತ್ತು."

ನಮ್ಮ ರಾಹುವನ್ನು, ಆದಿಶೇಷನನ್ನು ಅಷ್ಟು ಸಮಾಧಾನವಾಗಿ ಬಿಡಿಸಿ ಬಿಡಿಸಿ ತೋರಿಸಿದ ಮನುಷ್ಯ, ಕೊನೆಗೆ ಒಂದು ಸುಳ್ಳು ಕಥೆಗಾಗಿ ಲೈಬ್ರರಿಯಿಂದ ಲೈಬ್ರರಿಗೆ ಅಲೆದರು. ಸಿಗಲಿಲ್ಲ. ಸಿಗದೆ, ಒಂದು ಸಂಜೆ ತಾವೇ ಕಟ್ಟಿ ಹೇಳಿದರು. ನಾನೂ ನಮ್ಮನೆಯವರೂ ಜಗಲಿಯಲ್ಲಿದ್ದೆವು. ಬಾಗಿಲ ಕಡೆ ತಿರುಗಿ, ಬಹಳ ದೂರದ ಒಂದು ದ್ವೀಪದಲ್ಲಿ ಹಿಂದಿನ ಜನ ಹೀಗೆ ನಂಬಿದ್ದರಂತೆ, ಹೆಂಡತಿ ಬಸುರಿಯಾಗಿದ್ದಾಗ ಗಂಡ ಗ್ರಹಣದಲ್ಲಿ ನಕ್ಕರೆ ಮಗುವಿನ ತುಟಿ ಸೀಳುತ್ತದಂತೆ, ಹೆಂಡತಿಗೂ ಅದಕ್ಕೂ ಏನೂ ಸಂಬಂಧವಿಲ್ಲವಂತೆ ಎಂದರು. ಒಳಗೆ ಒರಳಿನ ಸದ್ದು ನಿಂತಿತು. ಆರು ವರ್ಷದ ಮೇಲೆ ಮೊದಲ ಸಲ ಅಮ್ಮಾವ್ರು ನೇರವಾಗಿ ಗಂಡನ ಜೊತೆ ಮಾತಾಡಿದರು.

"ಯಾವ ಪುಸ್ತಕ?"

ಒಂದು ಹೆಸರು ಹೇಳಿದ್ದರೆ ಆಗುತ್ತಿತ್ತು. ಯಾವುದಾದರೂ ಒಂದು ಹೆಸರು. ನಾನು ಮನಸ್ಸಿನಲ್ಲೇ ಹೇಳಿ ಹೇಳಿ ಎನ್ನುತ್ತಿದ್ದೆ.

"ಪುಸ್ತಕ ಇಲ್ಲ," ಅಂದರು ಮೇಷ್ಟ್ರು.

ಒಳಗೆ ಮತ್ತೆ ರುಬ್ಬುವ ಸದ್ದು ಶುರುವಾಯಿತು.

ಅದಾದ ಮೂರು ವರ್ಷಕ್ಕೆ ಮೇಷ್ಟ್ರು ಒಂದು ಜ್ವರ ಬಂದು ಹತ್ತೇ ದಿನದಲ್ಲಿ ಹೋಗಿಬಿಟ್ಟರು. ಕೊನೆಯ ದಿನವೂ ಅಮ್ಮಾವ್ರು ಗಂಜಿ ಕುಡಿಸಿದರು, ಬಾಯಿ ಒರೆಸಿದರು, ಮಾತಾಡಲಿಲ್ಲ. ಆಮೇಲೆ ತಮ್ಮನ ಮನೆಗೆಂದು ಜಯನಗರದ ಮೂರನೇ ಬ್ಲಾಕಿಗೆ ಹೋದರು.

ಹೋದ ಕಾರ್ತಿಕದಲ್ಲಿ ಬೆಳಗ್ಗೆ ಮತ್ತೊಂದು ಸೂರ್ಯಗ್ರಹಣ ಹಿಡಿಯಿತು. ನನ್ನ ಸೊಸೆಗೆ ಐದು ತಿಂಗಳು. ಮೇಷ್ಟ್ರ ಪಕ್ಕದಲ್ಲಿ ಹತ್ತು ವರ್ಷ ಕೂತು ಎಲ್ಲ ಕೇಳಿದವಳು ನಾನು. ಆದರೂ ಹಿಂದಿನ ದಿನವೇ ಕಿಟಕಿಗೆಲ್ಲ ಗೋಣಿ ಕಟ್ಟಿಸಿದೆ, ಚಾಕು, ಈಳಿಗೆಮಣೆ, ಸೂಜಿ ಎಲ್ಲ ಅಟ್ಟಕ್ಕೆ ಹಾಕಿದೆ, ಅವಳನ್ನು ನೆಟ್ಟಗೆ ಮಲಗಿಸಿ ಗ್ರಹಣ ಬಿಡುವ ತನಕ ಪಕ್ಕದಲ್ಲೇ ಕಾವಲು ಕೂತೆ. ಮಗ್ಗುಲಾಗಲೂ ಬಿಡಲಿಲ್ಲ. ಅಷ್ಟು ಮಾಡಿದ ಮೇಲೂ ಈ ಮಗು ಹೀಗೇ ಹುಟ್ಟಿತು. ಹೆರಿಗೆಯ ಮಂಚದ ಹತ್ತಿರ ನಿಂತು ನಾನು ಸೊಸೆಗೆ ಆಡಿದ ಮೊದಲ ಮಾತು, "ಅವತ್ತು ಏನಾದ್ರೂ ಕತ್ತರಿಸಿದ್ಯಾ?"

"ಇಲ್ಲ ಅತ್ತೆ. ನೀವೇ ಪಕ್ಕದಲ್ಲಿ ಇದ್ರಲ್ಲ."

ಆಮೇಲೂ ಎರಡು ಸಲ ಕೇಳಿದೆ. ಒಂದು ದಿನ ಒಳಲೆ ಹಿಡಿದು ಕೂತಿದ್ದಾಗ ತಟ್ಟನೆ ಹೊಳೆಯಿತು. ಇವಳು ಹೊರಗೆ ಕಾಲಿಟ್ಟಿಲ್ಲ, ಒಂದು ಗೆರೆ ಬೆಳಕು ಕಂಡಿಲ್ಲ. ಹಾಗಿದ್ದರೆ ಅದು ಹೊಂಗೆಮರದಿಂದ ಆದದ್ದಲ್ಲ. ಅವತ್ತು ಅಮ್ಮಾವ್ರು ಯಾವ ಪುಸ್ತಕ ಎಂದು ಕೇಳಿದರಲ್ಲ, ಪುಸ್ತಕವೇ ಬೇಡ, ಮಗುವನ್ನೇ ಎತ್ತಿಕೊಂಡು ಹೋಗಿ ತೋರಿಸಬಹುದು. ತುಟಿ ವಾಸಿಯಾಗಲಿ ಎಂದು ದಿನ ಎಣಿಸಿದೆ. ನಿನ್ನೆ ಮಗು ಹಾಲು ಕುಡಿದ ಸಂತೋಷದಲ್ಲಿ, ಮಧ್ಯಾಹ್ನ ಸೊಸೆಯನ್ನೂ ಮಗುವನ್ನೂ ಹೊರಡಿಸಿಕೊಂಡು ಜಯನಗರಕ್ಕೆ ನಡೆದೆ.

ಅಮ್ಮಾವ್ರು ಬಹಳ ಬಡವಾಗಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತುಟಿಯ ಮೇಲಿನ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಾನು ಎಲ್ಲ ಹೇಳಿದೆ. ಐದನೇ ದಿನ ನಾನು ಆಡಿದ ಮಾತು ತಪ್ಪು, ನೀವು ಅವತ್ತು ಹೊರಗೆ ಬಂದದ್ದರಿಂದ ಏನೂ ಆಗಿಲ್ಲ, ಮೇಷ್ಟ್ರು ಹೇಳಿದ್ದೇ ನಿಜ, ಇಲ್ಲಿ ನೋಡಿ ಅಂದೆ.

"ಕಿಟಕಿಗೆ ಏನು ಕಟ್ಟಿದ್ರಿ?" ಅಂದರು.

"ಗೋಣಿ. ಎರಡು ಪದರ."

"ಬಾಗಿಲಿಗೆ?"

"ಕಂಬಳಿ ಹಾಕಿದ್ವಿ."

"ಚಾಕು ಮುಟ್ಟಲಿಲ್ವಾ?"

"ಬೆರಳು ಕೂಡ ಮಡಿಸಲಿಲ್ಲ ಅಮ್ಮಾವ್ರೇ."

ಮಗುವಿನ ತುಟಿಯ ಮೇಲಿದ್ದ ಬೆರಳು ನಿಂತಿತು. "ಹಾಗಾದ್ರೆ," ಅಂದರು. "ಹಾಗಾದ್ರೆ ಒಂಬತ್ತು ವರ್ಷ ನಾನು ಅವರ ಹತ್ರ..."

ಅವರ ಮುಖ ನೋಡಿದೆ. ಸಂತೋಷ ತಂದಿದ್ದೇನೆ ಎಂದುಕೊಂಡು ಬಂದಿದ್ದೆನಲ್ಲ. ನಾನು ಏನು ಹೊತ್ತು ತಂದಿದ್ದೇನೆ ಎನ್ನುವುದು ಆಗ ತಿಳಿಯಿತು. ಅವರು ನನ್ನ ಕೈ ಹಿಡಿದುಕೊಂಡರು.

"ಇಲ್ಲ. ಎಲ್ಲೋ ಸಂದಿ ಬಿಟ್ಟಿರ್ತೀರಿ. ಸರಿಯಾಗಿ ನೆನಪು ಮಾಡ್ಕೊಳ್ಳಮ್ಮ."

"ಇಲ್ಲಮ್ಮಾವ್ರೇ..."

"ನೆನಪು ಮಾಡ್ಕೊಳ್ಳಮ್ಮ," ಅಂದರು ಮತ್ತೆ. ಕೈ ಬಿಡಲಿಲ್ಲ.

"ಹೌದು," ಅಂದೆ. "ಹಿತ್ತಲ ಕಿಟಕೀದು ಗೋಣಿ ಒಂದು ಮೂಲೆ ಬಿಚ್ಚಿತ್ತು. ಬೆಳಕು ಬೀಳ್ತಿತ್ತು ಅನ್ಸುತ್ತೆ."

ಅಮ್ಮಾವ್ರು ಉಸಿರು ಬಿಟ್ಟರು. "ನೋಡಿ ಮತ್ತೆ," ಅಂದು, ಮಗುವಿನ ಕೈಗೆ ಎರಡು ಬಾಳೆಹಣ್ಣು ಮುಟ್ಟಿಸಿ ಕಳಿಸಿಕೊಟ್ಟರು. ಸೊಸೆ ಮಗುವನ್ನು ಎತ್ತಿಕೊಂಡು ಮುಂದೆ ಮುಂದೆ ನಡೆದಳು.

ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು. ಇವತ್ತು ಯಾರೂ ಹಿಂದೆ ಮುಂದೆ ಉಣ್ಣುವುದು ಬೇಡ ಎಂದು ಮಗ ಎಲ್ಲರ ಎಲೆಯನ್ನೂ ಒಂದೇ ಸಾಲಿನಲ್ಲಿ ಹಾಕಿಸಿದ್ದ. ಮುದ್ದೆ, ದಂಟಿನ ಸೊಪ್ಪಿನ ಸಾರು, ಅನ್ನ, ಪಾಯಸ. ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಕೂತಳು. ನಮ್ಮನೆಯವರು ಗುಟುಕ್ ಗುಟುಕ್ ಎಂದು ಸದ್ದು ಮಾಡಿ ತೋರಿಸಿ ಮಗನನ್ನು ನಗಿಸುತ್ತಿದ್ದರು.

"ಅತ್ತೆ," ಅಂದಳು ಸೊಸೆ, ಎಲೆ ನೋಡಿಕೊಂಡೇ. "ಹಿತ್ತಲ ಕಿಟಕಿಗೆ ಗೋಣಿ ಕಟ್ಟಿದ್ದು ನಾನು. ಮೂಲೆ ಬಿಚ್ಚಿರಲಿಲ್ಲ."

"ಗೊತ್ತಮ್ಮ."

"ಗೊತ್ತಿದ್ದೂ ಅಂದ್ರಾ?"

ಅಮ್ಮಾವ್ರ ಮುಖದ ವಿಷಯ ಹೇಳೋಣವೆಂದರೆ ಇವಳ ಮುಖ ಎದುರಿಗಿತ್ತು.

"ಇನ್ನು ನಾನು ಸಾಯೋ ತನಕ ಊರವರ ಬಾಯಲ್ಲಿ ಸಂದೀಲಿ ಗ್ರಹಣ ನೋಡಿದೋಳು," ಅಂದಳು. ದನಿ ಏರಿಸಲಿಲ್ಲ.

"ಏನು ಸಂದಿ? ಯಾವ ಗೋಣಿ?" ಅಂದ ಮಗ, ತುತ್ತು ಕೈಯಲ್ಲಿ ಹಿಡಿದು.

"ಏನಿಲ್ಲ, ಉಣ್ಣಿ," ಅಂದಳು ಸೊಸೆ. ನಮ್ಮನೆಯವರು ಇನ್ನೊಂದು ಸೌಟು ಪಾಯಸ ಕೇಳಿದರು. ಅವಳು ಮಗುವನ್ನು ಎಡಗೈಯಲ್ಲಿ ಹಿಡಿದು ಎದ್ದು, ಅವರಿಗೆ ಹಾಕಿದಳು, ಮಗನಿಗೆ ಹಾಕಿದಳು, ನನಗೂ ಅಷ್ಟೇ ಹಾಕಿದಳು. ನಾನು ತಲೆ ಬಗ್ಗಿಸಿ ಉಂಡೆ.